ಬಲಕ್ಕೆ ತೆರೆಯುವ ಪುಸ್ತಕಗಳು

ನಮ್ಮೂರಲ್ಲಿ ಪ್ರತಿ ಪುಸ್ತಕಕ್ಕೂ ಎರಡು ಮೊಹರಿನ ಯೋಗ. ಮೊದಲ ಪುಟಕ್ಕೊಂದು, ಕೊನೆಯ ಪುಟಕ್ಕೊಂದು. ಮೊಹರು ಮಾತ್ರ ಒಂದೇ. ಮರದ ಹಿಡಿ, ಹಿತ್ತಾಳೆಯ ಮುಖ, ನೇರಳೆ ಶಾಯಿ. ಮೊದಲ ಪುಟಕ್ಕೆ ಬಿದ್ದರೆ ಪುಸ್ತಕ ಊರಿಗೆ ಬಂತು ಅಂತ. ಕೊನೆಯ ಪುಟಕ್ಕೆ ಬಿದ್ದರೆ ಪುಸ್ತಕ ತೀರಿಕೊಂಡಿತು ಅಂತ. ತೀರಿಕೊಂಡ ಪುಸ್ತಕವನ್ನು ಯಾರ್ಯಾರು ಓದಿದ್ದರೋ ಅವರೆಲ್ಲ ಅದನ್ನು ಮರೆಯುತ್ತಿದ್ದರು. ಮರೆಯಬೇಕು ಅಂತ ಯಾರೂ ಅಪ್ಪಣೆ ಕೊಡುತ್ತಿರಲಿಲ್ಲ. ಮರೆತೇ ಹೋಗುತ್ತಿತ್ತು. ಮೊಹರು ಮೇಲೆತ್ತುವಷ್ಟರಲ್ಲಿ, ಹಲಗೆ ಒರೆಸಿದ ಹಾಗೆ.

ನಾನು ಚಿಕ್ಕವಳಿದ್ದಾಗ ಒಂದು ಅಡುಗೆ ಪುಸ್ತಕಕ್ಕೆ ಗೆದ್ದಲು ಹಿಡಿಯಿತೆಂದು ಕೊನೆಯ ಪುಟಕ್ಕೆ ಮೊಹರು ಹಾಕಿದರು. ಅದನ್ನು ಓದಿ ಹೋಳಿಗೆ ಕಲಿತಿದ್ದ ಹೆಂಗಸರೆಲ್ಲ ಅವತ್ತು ಕೈಯಲ್ಲಿ ಲಟ್ಟಣಿಗೆ ಹಿಡಿದು ನಿಂತೇಬಿಟ್ಟರು. ಮುಂದೇನು ಅಂತ ಒಬ್ಬರಿಗೂ ಹೊಳೆಯಲಿಲ್ಲ. ನಮ್ಮಮ್ಮನಿಗೆ ಓದು ಬಾರದು. ಅವಳು ಅಜ್ಜಿಯ ಪಕ್ಕ ನಿಂತು, ಕೇಳಿ ಕಲಿತವಳು. ಅವಳ ಹೋಳಿಗೆಗೆ ಏನೂ ಆಗಲಿಲ್ಲ. ಪಾಪ ಅಂತ ಅಮ್ಮ ಬೀದಿಯ ಹೆಂಗಸರಿಗೆಲ್ಲ ಮತ್ತೆ ಹೇಳಿಕೊಟ್ಟಳು. ಅವರು ಕಲಿತರು, ತಿಂದರು, ಮಲಗಿದರು. ಬೆಳಗ್ಗೆ ಎದ್ದರೆ ಮತ್ತೆ ಲಟ್ಟಣಿಗೆ, ಮತ್ತೆ ಅದೇ ಪಿಳಿಪಿಳಿ ಕಣ್ಣು. ಓದಿ ಮರೆತವರ ತಲೆಯಲ್ಲಿ ಆ ಜಾಗಕ್ಕೊಂದು ತೂತು ಬಿದ್ದಿರುತ್ತದೆ. ಎಷ್ಟು ಸುರಿದರೂ ಒಂದು ದಿನ ನಿಲ್ಲುತ್ತದೆ, ಮರುದಿನಕ್ಕೆ ಸೋರಿಹೋಗುತ್ತದೆ. ನಾನು ಆಗ ನಕ್ಕಿದ್ದೆ. ಅದರಲ್ಲಿ ನಗೋದಕ್ಕೆ ತುಂಬಾ ಇತ್ತು.

ಊರಿನ ದಿಣ್ಣೆಯ ಮೇಲೆ ವಿಶ್ವವಿದ್ಯಾಲಯ. ಅದರ ನೆತ್ತಿಯ ಮೇಲೆ ಗ್ರಂಥಾಲಯ. ಗ್ರಂಥಾಲಯದ ನಡುವೆ ಮೊಹರಿನ ಮೇಜು. ಆ ಮೇಜಿಗೆ ನಾನು ಬಂದದ್ದು ಶಿಕ್ಷೆಗೆ. ಎಂಟನೇ ಕ್ಲಾಸಿನಲ್ಲಿ ಎರಡು ಸಲ ಡುಮ್ಕಿ ಹೊಡೆದು, ಇನ್ನು ಶಾಲೆಯ ಋಣ ಹರಿಯಿತು ಅಂತ ಊರು ಸುತ್ತುತ್ತಿದ್ದೆ. ಒಂದು ದಿನ ಸುಮ್ಮನೆ ಗ್ರಂಥಾಲಯಕ್ಕೆ ನುಗ್ಗಿ ನಲವತ್ತು ಪುಸ್ತಕಗಳ ಬೆನ್ನಿನ ಚೀಟಿ ಕಿತ್ತು ಅದಲುಬದಲು ಅಂಟಿಸಿದೆ. ತತ್ತ್ವಶಾಸ್ತ್ರದ ಮೇಷ್ಟ್ರು ಕೋಳಿ ಸಾಕಣೆಯ ಪುಸ್ತಕ ಒಯ್ದರು. ಒಂದು ವಾರ ಓದಿ, “ಅದ್ಭುತ, ಆದರೆ ಸ್ವಲ್ಪ ಗಹನ” ಅಂತ ವಾಪಸು ತಂದುಕೊಟ್ಟರು. ಅಷ್ಟಾದ ಮೇಲೆ ನಾನು ಸಿಕ್ಕಿಬಿದ್ದೆ.

ಗ್ರಂಥಪಾಲಕಿಗೆ ಎಲ್ಲರೂ ಮೇಡಂ ಅನ್ನುತ್ತಿದ್ದರು. ಅವರು ನನ್ನ ಕಿವಿ ಹಿಡಿದು ಮೇಜಿನ ಮುಂದೆ ಕೂರಿಸಿದರು. ನಾನು ಅಂಟಿಸಿದ್ದ ಚೀಟಿಗಳನ್ನು ನೋಡಿದರು.

“ಅಕ್ಷರ ಮುತ್ತಿನ ಹಾಗಿದೆಯಲ್ಲೇ, ಪೋಕರಿ. ತಲೆ ಮಾತ್ರ ಕಸದ ಬುಟ್ಟಿ. ಇನ್ನು ಮೇಲೆ ಕಾರ್ಡು ಬರಿ. ಮೊಹರು ಹಾಕು. ಬಾಯಿ ಮುಚ್ಚಿಕೊಂಡಿರು.”

“ಮೂರೂ ಒಟ್ಟಿಗೆ ಮಾಡಬೇಕಾ ಮೇಡಂ, ಒಂದಾದ ಮೇಲೊಂದಾ?”

ಇನ್ನೊಂದು ಕಿವಿಯೂ ಹೋಯಿತು.

ಕಾರ್ಡಿಗೆ ಮೂರು ಸಾಲು. ಯಾರದು, ಎಲ್ಲಿಯದು, ಏನಿದೆ. ನಾಲ್ಕನೇ ಸಾಲಿಗೆ ಜಾಗವಿಲ್ಲ. ಮೊಹರಿಗೆ ಮೂರು ಮಾತು. ಬೆನ್ನು ಎಡಕ್ಕೆ, ಮುಚ್ಚಳ ತೆರೆ, ಮೊದಲ ಹಾಳೆಗೆ ಒತ್ತು. ಡಬ್. ಪುಸ್ತಕ ಊರಿಗೆ ಬಂತು.

ಆ ವರ್ಷ ವಿಶ್ವವಿದ್ಯಾಲಯದ ಮಂಡಳಿಯವರಿಗೆ ಒಂದು ಅರಬ್ಬಿ ಕೋಣೆ ಬೇಕು ಅನ್ನಿಸಿತು. ಬೇರೆ ಊರುಗಳ ವಿದ್ಯಾಲಯಗಳಲ್ಲಿ ಇದೆಯಂತೆ, ನಮ್ಮಲ್ಲಿ ಇಲ್ಲವಂತೆ. ಕೋಣೆ ಕಟ್ಟಿಸಿದರು, ಕಪಾಟು ಮಾಡಿಸಿದರು, ಬಾಗಿಲಿಗೆ ಹಸಿರು ಬಣ್ಣ ಬಳಿಸಿದರು. ಆಮೇಲೆ ನೆನಪಾಯಿತು, ಪುಸ್ತಕ ಇಲ್ಲ ಅಂತ. ಊರಿನಲ್ಲಿ ಅರಬ್ಬಿ ಓದಬಲ್ಲವರು ಒಬ್ಬರೇ ಇದ್ದರು. ಮೀನುಪೇಟೆಯ ಹಿಂದೆ, ಸೋರುವ ಹೆಂಚಿನ ಮನೆಯ ಮುದುಕ. ಎಲ್ಲರೂ ಅವರನ್ನು ಉಸ್ತಾದ್ ಅನ್ನುತ್ತಿದ್ದರು.

ಉಸ್ತಾದರು ಏಳು ಪೆಟ್ಟಿಗೆ ತಂದರು. ಅವರ ಮುತ್ತಜ್ಜನ ಅಜ್ಜ ಹಾಯಿಹಡಗಿನಲ್ಲಿ ತಂದ ಪೆಟ್ಟಿಗೆಗಳು. ಮುಚ್ಚಳ ತೆಗೆದರೆ ಲವಂಗದ ವಾಸನೆ, ಅದರ ಕೆಳಗೆ ಉಪ್ಪಿನ ವಾಸನೆ, ಅದರ ಕೆಳಗೆ ಪುಸ್ತಕ. ಆಮೇಲೆ ಊರವರೂ ಒಬ್ಬೊಬ್ಬರೇ ಬಂದರು. ಹೂ ಮಾರುವವಳು ಸೆರಗಿನಲ್ಲಿ ಸುತ್ತಿ ಒಂದು ತಂದಳು, ಮದುವೆಯ ಪೆಟ್ಟಿಗೆಯ ತಳದಲ್ಲಿ ಇತ್ತಂತೆ. ದೋಣಿಯವನು ಒಂದು ತಂದ, ಅದರ ಮೇಲೆ ಮೂರು ತಲೆಮಾರು ದೀಪ ಇಟ್ಟಿದ್ದರಂತೆ. ಎಲ್ಲವನ್ನೂ ಉಸ್ತಾದರು ಮೊದಲೇ ಓದಿದ್ದರು. ಯಾರ ಮನೆಯಲ್ಲಿ ಅರಬ್ಬಿ ಪುಸ್ತಕ ಇದೆಯೋ ಆ ಮನೆಯ ಜಗುಲಿಯಲ್ಲಿ ಅವರು ಯಾವತ್ತೋ ಒಂದು ಸಂಜೆ ಕೂತು ಓದಿ ಎದ್ದವರು. ಒಟ್ಟು ಇನ್ನೂರ ನಲವತ್ತು ಆಯಿತು.

“ಯಾಕೆ ಕೊಡ್ತೀರಿ ಉಸ್ತಾದ್?” ಅಂತ ಕೇಳಿದೆ.

“ನನ್ನ ಕಣ್ಣಿಗೆ ಪೊರೆ ಬಂತು ಮಗಳೇ. ಮನೆಗೆ ಗೆದ್ದಲು ಬಂತು. ನನ್ನ ತಲೆಯಲ್ಲಿರೋದು ನನ್ನ ಜೊತೆ ಹೋಗುತ್ತೆ. ಇಲ್ಲಿದ್ದರೆ ಯಾರಾದರೂ ಒಬ್ಬರು, ಯಾವತ್ತಾದರೂ ಒಂದು ದಿನ…” ಅಂದು ನಿಲ್ಲಿಸಿದರು.

ದಿನಾ ಬೆಳಗ್ಗೆ ಉಸ್ತಾದರು ದಿಣ್ಣೆ ಹತ್ತಿ ಬರುತ್ತಿದ್ದರು. ಮೇಜಿನ ಆ ಕಡೆ ಅವರು, ಈ ಕಡೆ ನಾನು. ಪುಸ್ತಕ ಎತ್ತಿ ಹಣೆಗೆ ಒತ್ತಿಕೊಳ್ಳುವರು. ಮೂಗು ಹಾಳೆಗೆ ತಾಗುವಷ್ಟು ಹತ್ತಿರ ತಂದು ಹೆಸರು ಓದುವರು. ಮುಚ್ಚುವರು. ಕಣ್ಣು ಮುಚ್ಚಿ ಹೇಳುವರು. ನಾನು ಬರೆಯುವೆ. ಡಬ್.

ಮೊದಲನೇ ದಿನವೇ ಅವರು ಹೇಳಿದ್ದರು. ಅದನ್ನು ನಾನು ಮುಚ್ಚಿಡುವುದಿಲ್ಲ.

“ಮಗಳೇ, ಈ ಪುಸ್ತಕಗಳ ಬಾಗಿಲು ಬಲಗಡೆ ಇರುತ್ತೆ. ನಿಮ್ಮದರ ಹಾಗಲ್ಲ. ಬಲಗಡೆಯಿಂದ ತೆರೆದು ಮೊಹರು ಹಾಕು.”

ಮೇಡಂ ಹೇಳಿದ್ದು ಬೆನ್ನು ಎಡಕ್ಕೆ ಅಂತ. ಇವರು ಹೇಳುವುದು ಬಲಕ್ಕೆ ಅಂತ. ಬಲಗಾಲಿಟ್ಟು ಒಳಗೆ ಬಾ, ಬಲಗೈಯಲ್ಲಿ ತಿನ್ನು, ಬಲಮಗ್ಗುಲಲ್ಲಿ ಏಳು ಅಂತ ಹಳಬರು ಹೇಳುತ್ತಾರಲ್ಲ, ಇದೂ ಅಂಥದ್ದೇ ಒಂದು ಅಂದುಕೊಂಡೆ. ಅವರ ಕಣ್ಣಿಗೆ ಎಡವೂ ಮಂಜು, ಬಲವೂ ಮಂಜು. ನನಗೆ ಒಳಗಿನಿಂದ ಕಚಗುಳಿ ಇಟ್ಟ ಹಾಗಾಯಿತು. ಪುಸ್ತಕದ ಬೆನ್ನು ಎಡಕ್ಕಿಟ್ಟು ಮುಚ್ಚಳ ತೆರೆದು ಮೊಹರು ಒತ್ತಿದೆ.

“ಬಲಗಡೆಗೇ ಹಾಕಿದೆ ಉಸ್ತಾದ್.”

“ಶಾಬಾಸ್,” ಅಂದರು.

ಆ ಶಾಬಾಸ್ ಕೇಳೋದಕ್ಕೆ ಎಷ್ಟು ಮಜಾ ಇತ್ತೆಂದರೆ, ಎರಡನೆಯದಕ್ಕೂ ಹಾಗೇ ಮಾಡಿದೆ. ಮೂರನೆಯದಕ್ಕೂ. ಆಮೇಲೆ ಮಜಾ ಮುಗಿಯಿತು, ಅಭ್ಯಾಸ ಉಳಿಯಿತು. ಬಲಗಡೆಗೇ ಹಾಕಿದೆ ಉಸ್ತಾದ್. ಶಾಬಾಸ್. ಡಬ್.

ಮೂರು ಸಾಲಿನ ಕಾರ್ಡು ಬರೆಯೋದಕ್ಕೆ ಎಷ್ಟು ಹೊತ್ತು ಬೇಕು? ಉಳಿದ ಹೊತ್ತಿಗೆ ನಾನು ಅವರನ್ನು ಕೆಣಕುತ್ತಿದ್ದೆ. ಮೊದಲ ಸಾಲೇ ದೊಡ್ಡ ಪಾಡು. ಬರೆದವನ ಹೆಸರು ಹೇಳಿ ಅಂದರೆ ಅವರು, ಇಂಥವನ ಅಪ್ಪ, ಇಂಥವನ ಮಗ, ಇಂಥವನ ಮೊಮ್ಮಗ, ಇಂಥ ಊರಿನವನು ಅಂತ ಒಂದು ಮೈಲಿ ಹೇಳುವರು.

“ಇವರಿಗೆಲ್ಲ ಹೆಸರೇ ಇಲ್ವಾ ಉಸ್ತಾದ್? ಬರೀ ನೆಂಟಸ್ತನ ಹೇಳ್ತಾರೆ.”

“ಹೆಸರು ನಡುವೆ ಎಲ್ಲೋ ಇದೆ, ಹುಡುಕು. ಮನುಷ್ಯ ಅಂದರೆ ಅಷ್ಟೇ ಕಣೇ. ಹಿಂದೆ ಒಬ್ಬ, ಮುಂದೆ ಒಬ್ಬ, ನಡುವೆ ತಾನು.”

“ಕಾರ್ಡಿನಲ್ಲಿ ಜಾಗ ಇಲ್ಲ. ಅಪ್ಪನ್ನ ಬಿಡ್ಲಾ, ಮಗನ್ನ ಬಿಡ್ಲಾ?”

“ನಿನ್ನನ್ನ ಬಿಡಬೇಕು ಮೊದಲು,” ಅಂತ ಗದರಿ, ನಗುವರು. ನಕ್ಕ ಮೇಲೆ ಕಾರ್ಡಿಗೆ ಬೇಡದ್ದನ್ನೆಲ್ಲ ಹೇಳುವರು. ಮೂರನೇ ಸಾಲಿಗೆ ನಾನು ‘ಗಾಳಿಯ ಬಗ್ಗೆ’ ಅಂತ ಬರೆದು ಮುಗಿಸಿದ್ದರೆ, ಅವರು ಗಾಳಿಗೆ ಹನ್ನೆರಡು ಹೆಸರು ಹೇಳುವರು. ಮೂರನೇ ಗಾಳಿ ಬಂದಾಗ ಹಡಗು ಬಿಡಬಾರದು, ಯಾಕೆಂದರೆ ಅದು ಹೊರಡುವವರ ಮೈಮೇಲೆ ಮನೆಯ ಅಡುಗೆಯ ವಾಸನೆ ತಂದು ಎರಚುತ್ತದೆ. ಇನ್ನೊಂದರಲ್ಲಿ ಇರುವೆ ಸಾಲನ್ನು ನೋಡಿ ನೆಲದಡಿಯ ನೀರು ಹುಡುಕುವ ಬಗೆ. ಇನ್ನೊಂದರಲ್ಲಿ ಅತಿಥಿ ಬಂದಾಗ ಅವನ ಚಪ್ಪಲಿಯನ್ನು ಯಾವ ದಿಕ್ಕಿಗೆ ತಿರುಗಿಸಿಡಬೇಕು ಅನ್ನೋದಕ್ಕೇ ಒಂದು ಅಧ್ಯಾಯ. ಒಳಕ್ಕೆ ತಿರುಗಿಸಿದರೆ ಇರು ಅಂತ, ಹೊರಕ್ಕೆ ತಿರುಗಿಸಿದರೆ ಹೋಗು ಅಂತ, ಅಡ್ಡಕ್ಕೆ ಇಟ್ಟರೆ ನಿನ್ನಿಷ್ಟ ಅಂತ. ನಾನು ಕಾಲು ಅಲ್ಲಾಡಿಸುತ್ತ ಕೇಳುತ್ತಿದ್ದೆ. ಒಂದಕ್ಷರ ಓದಲಿಲ್ಲ. ಅರಬ್ಬಿ ಓದಲು ಬರುತ್ತಿರಲಿಲ್ಲ. ಕೇಳಿದೆ, ಅಷ್ಟೆ.

ಒಂದು ದಿನ ಕಿಟಕಿಯಿಂದ ಗಾಳಿ ಬಂತು. ಅದರಲ್ಲಿ ಯಾರದೋ ಮನೆಯ ಒಗ್ಗರಣೆ.

“ಉಸ್ತಾದ್, ಮೂರನೇ ಗಾಳಿ! ಹಡಗು ಕಟ್ಟಿಹಾಕಿ!” ಅಂದೆ.

“ಯಾವ ಮೂರನೇ ಗಾಳಿ?”

“ಅದೇ, ಹನ್ನೆರಡು ಗಾಳಿ ಇದಾವಲ್ಲ.”

ಅವರು ನನ್ನ ಕಡೆ ಮುಖ ತಿರುಗಿಸಿ ಹುಬ್ಬು ಏರಿಸಿದರು. “ಗಾಳಿಗೆ ಲೆಕ್ಕ ಇಡೋರು ಯಾರೇ? ಚೆನ್ನಾಗಿ ಕಟ್ತೀಯ.”

ಅವರು ನನಗೇ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಮರುದಿನ ಅವರದೇ ಇರುವೆಯ ಪುಸ್ತಕವನ್ನು ನನ್ನ ಕತೆ ಅಂತ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. “ಇರುವೆ ನೀರು ತೋರಿಸುತ್ತಾ? ಎಲ್ಲಿಂದ ತರ್ತೀಯ ಇದನ್ನೆಲ್ಲ?” ನನಗೆ ಖುಷಿಯೋ ಖುಷಿ. ಬೆಳಗ್ಗೆ ಅವರು ನನಗೆ ಹೇಳುವರು, ಮಧ್ಯಾಹ್ನ ನಾನು ಅದನ್ನೇ ಅವರಿಗೆ ಹೇಳುವೆ, ಅವರು ಹೊಸತೆಂದು ನಗುವರು. ಇಂಥ ಆಟ ನನಗೆ ಹಿಂದೆಂದೂ ಸಿಕ್ಕಿರಲಿಲ್ಲ. ಗ್ರಂಥಾಲಯದ ಜವಾನನನ್ನೂ ಕರೆದು ತೋರಿಸಿದೆ. ಅವನೂ ನಕ್ಕ. “ಮುದುಕರಿಗೆ ಅರಳುಮರಳು,” ಅಂದ. ಇಬ್ಬರೂ ಅದನ್ನು ಒಪ್ಪಿಕೊಂಡೆವು. ಒಪ್ಪಿಕೊಳ್ಳೋದು ಸುಲಭವಾಗಿತ್ತು.

ಹೀಗೇ ಇನ್ನೂರು ದಾಟಿತು. ಉಸ್ತಾದರು ದಿಣ್ಣೆ ಹತ್ತುವಾಗ ಮೊದಲು ಎರಡು ಕಡೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ಈಗ ನಿಲ್ಲುತ್ತಿರಲಿಲ್ಲ. “ಹಗುರ ಆಗಿದೀನಿ ಮಗಳೇ,” ಅನ್ನುತ್ತಿದ್ದರು. “ಮೈಯಲ್ಲಿ ಭಾರವೇ ಇಲ್ಲ.”

ಇನ್ನೂರ ಮೂವತ್ತಾರನೆಯದು ತೆಳ್ಳಗಿನ ಪುಸ್ತಕ. ಕಪ್ಪು ರಟ್ಟು. ಉಸ್ತಾದರು ಅದನ್ನು ಹಣೆಗೆ ಒತ್ತಿಕೊಂಡು ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು.

“ಇದು ದುಃಖದ ಪುಸ್ತಕ. ಬರೆದವಳು ಹೆಂಗಸು. ಮರಳುಗಾಡಿನ ಅಂಚಿನಲ್ಲಿ ಒಂದು ರೇವು, ಅಲ್ಲಿಯವಳು. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ನಲವತ್ತು ದಿನ ಏನೇನು ಮಾಡಬೇಕು ಅಂತ ಬರೆದಿದಾಳೆ. ದಿನಕ್ಕೊಂದು ಕೆಲಸ. ಚಿಕ್ಕ ಚಿಕ್ಕದು. ಮೊದಲನೇ ದಿನ ಏನೂ ಮಾಡಬೇಡ. ಎರಡನೇ ದಿನ ಅವರ ಬಾಚಣಿಗೆ ತೊಳೆದಿಡು. ಮೂರನೇ ದಿನ ಅವರ ಮೇಲಿದ್ದ ಒಂದು ಕೋಪವನ್ನು ಗೋಡೆಗೆ ಹೇಳು. ನಾಲ್ಕನೇ ದಿನ ಹೊಸ್ತಿಲ ಮೇಲೆ ಕೂತು, ನೀನೊಬ್ಬನೇ ಕರೀತಿದ್ದ ಹೆಸರಲ್ಲಿ ಒಂದು ಸಲ ಗಟ್ಟಿಯಾಗಿ ಕರೆ. ಕರೆದು, ಅವರ ಲೋಟದಲ್ಲಿ ನೀರು ಕುಡಿ. ಹೀಗೇ ನಲವತ್ತು. ನನ್ನ ಮನೆಯವಳು ಹೋಗಿ ಆರು ವರ್ಷ ಆಯಿತು ಮಗಳೇ. ಈ ಪುಸ್ತಕ ಇಲ್ಲದಿದ್ದರೆ ದುಃಖಾನ ಎಲ್ಲಿಡಬೇಕು ಅಂತ ನನಗೆ ಗೊತ್ತಾಗ್ತಿರಲಿಲ್ಲ.”

ನಲವತ್ತನ್ನೂ ಹೇಳಿದರು. ನಾನು ಕಾರ್ಡಿಗೆ ‘ದುಃಖದ ಬಗ್ಗೆ’ ಅಂತ ಬರೆದೆ. ಡಬ್.

“ಬಲಗಡೆಗೇ ಹಾಕಿದೆ ಉಸ್ತಾದ್.”

ಶಾಬಾಸ್ ಬರಲಿಲ್ಲ. ಉಸ್ತಾದರು ಎದೆಯ ಮೇಲೆ ಕೈಯಿಟ್ಟುಕೊಂಡರು. ಏನೋ ಹುಡುಕುವವರ ಹಾಗೆ ಮೇಜನ್ನೆಲ್ಲ ತಡವಿದರು. ಆಮೇಲೆ ಅತ್ತರು. ಮುದುಕರು ಅಳುವ ಹಾಗೆ ಅಲ್ಲ. ಇದೀಗ ಮನೆಯಿಂದ ಯಾರೋ ಓಡಿ ಬಂದು ಸುದ್ದಿ ಹೇಳಿದರೆ ಅಳುತ್ತಾರಲ್ಲ, ಹಾಗೆ. ಹೆಂಡತಿ ಹೋದದ್ದು ಅವರಿಗೆ ನೆನಪಿತ್ತು. ಆರು ವರ್ಷ ಅನ್ನೋದೂ ನೆನಪಿತ್ತು. ಅದನ್ನು ಹೊತ್ತುಕೊಳ್ಳುವ ಬಗೆಯೊಂದು ಮರೆತುಹೋಗಿತ್ತು.

“ಏನು ಮಾಡಲಿ ಈಗ?” ಅಂತ ನನ್ನನ್ನು ಕೇಳಿದರು. “ಹೇಳೇ, ಈಗ ಏನು ಮಾಡಬೇಕು?”

ನಲವತ್ತನ್ನೂ ಈಗಷ್ಟೇ ಹೇಳಿದವರು ಅವರೇ. ನಾನು ಆ ಪುಸ್ತಕ ಎತ್ತಿ ಅವರ ಕೈಗೆ ಕೊಟ್ಟೆ. “ಉಸ್ತಾದ್, ಇದರ ಮೊದಲ ಪುಟ ತೆರೀರಿ.”

ಅವರ ಕೈ ತಾನಾಗಿ ಬಲಕ್ಕೆ ಹೋಯಿತು. ಬಲಗಡೆಯ ಮುಚ್ಚಳ ತೆರೆಯಿತು. ಹಾಳೆ ಬಿಳಿಯಾಗಿತ್ತು, ಮೊಹರಿರಲಿಲ್ಲ. ನಾನು ತಿರುಗಿಸಿದೆ. ಎಡಗಡೆ, ಬರಹ ಸಣ್ಣದಾಗುತ್ತ ಸಣ್ಣದಾಗುತ್ತ ಒಂದು ಚುಕ್ಕಿಗೆ ಬಂದು ನಿಂತಿತ್ತು. ಓದು ಬಾರದವರಿಗೂ ಅದು ಮುಗಿಯುವ ಜಾಗ ಅಂತ ಗೊತ್ತಾಗುತ್ತಿತ್ತು. ಅದರ ಕೆಳಗೆ ನನ್ನ ನೇರಳೆ ಮೊಹರು, ಇನ್ನೂ ಹಸಿ.

ಲಟ್ಟಣಿಗೆ ಹಿಡಿದು ನಿಂತ ಹೆಂಗಸರು ನೆನಪಾದರು. ಈ ಸಲ ನಗು ಬರಲಿಲ್ಲ.

ಮೇಡಂ ಹತ್ತಿರ ಓಡಿದೆ. ಹೇಳಿದೆ. ಎಲ್ಲಾ ಹೇಳಿದೆ, ಶಾಬಾಸಿನ ಸಮೇತ.

“ಚೀಟಿ ಬದಲಾಯಿಸಿದವಳು ನೀನು,” ಅಂದರು ಮೇಡಂ. “ಕಳೆದ ತಿಂಗಳು ಗ್ರಂಥಾಲಯಕ್ಕೆ ಹಾವು ಬಂತು ಅಂತ ಕೂಗಿ ಎಲ್ಲರನ್ನೂ ಮೇಜು ಹತ್ತಿಸಿದವಳು ನೀನು. ಈಗ ಇದಾ?”

“ಹಾವು ಸುಳ್ಳು ಮೇಡಂ. ಇದು ನಿಜ.”

“ಹಾವೂ ನಿಜ ಅಂತಲೇ ಹೇಳಿದ್ದೆ.”

ಆದರೂ ಬಂದರು. ಒಂದು ಪುಸ್ತಕ ತೆಗೆದರು, ಬಲಗಡೆ ನೋಡಿದರು, ಎಡಗಡೆ ನೋಡಿದರು. ಇನ್ನೊಂದು ತೆಗೆದರು. ಇನ್ನೊಂದು. ಅವರ ಮುಖದ ಬಣ್ಣ ಹೋಯಿತು. ಅವರಿಗೆ ಗೊತ್ತಾಯಿತು. ಅವರಿಗೆ ಗೊತ್ತಾದದ್ದು ನನಗೆ ಗೊತ್ತಾಯಿತು. ತುಂಬಾ ಹೊತ್ತು ಕನ್ನಡಕ ಒರೆಸಿಕೊಂಡರು.

“ನಾಳೆ ಮಂಡಳಿಯವರು ಬರ್ತಾರೆ,” ಅಂದರು. “ಕೋಣೆಗೆ ಬಾಗಿಲು ತೆರೆಯೋದು ನಾಳೆ. ಇನ್ನೂರ ಮೂವತ್ತಾರು ಪುಸ್ತಕದಲ್ಲಿ ತಪ್ಪು ಅಂತ ಹೇಳಲಾ? ಒಂದು ಪುಸ್ತಕದಲ್ಲಿ ಆದರೆ ತಪ್ಪು. ಇನ್ನೂರ ಮೂವತ್ತಾರರಲ್ಲಿ ಆದರೆ ಅದು ಪದ್ಧತಿ.”

“ಮೇಡಂ, ಉಸ್ತಾದರು ಮರೀತಿದಾರೆ.”

“ಪುಸ್ತಕ ಇದೆಯಲ್ಲ ಕಪಾಟಿನಲ್ಲಿ.”

“ಓದೋರು ಅವರೊಬ್ಬರೇ ಮೇಡಂ.”

ಉಳಿದ ನಾಲ್ಕು ಪುಸ್ತಕ ನನ್ನ ಮುಂದಿದ್ದವು. ನಾನು ಮೊಹರು ಮುಟ್ಟಲಿಲ್ಲ. “ಮೊಹರು ನನಗೆ ಬಿಡು,” ಅಂದರು ಮೇಡಂ. ಉಸ್ತಾದರನ್ನು ಕರೆದು ನಾಲ್ಕನ್ನೂ ಹೇಳಿಸಿದರು. ನನ್ನ ಕೈಯಲ್ಲಿ ಕಾರ್ಡು ಬರೆಸಿದರು. ನಾನು ಕಿವಿಯನ್ನು ಅಗಲ ಮಾಡಿಕೊಂಡು, ಒಂದು ಮಾತೂ ಕೆಳಗೆ ಬೀಳದ ಹಾಗೆ ಕೇಳಿಸಿಕೊಂಡೆ. ಆಮೇಲೆ ಮೇಡಂ ಬೆನ್ನು ಎಡಕ್ಕಿಟ್ಟು, ಮುಚ್ಚಳ ತೆರೆದು, ತಮ್ಮ ಕೈಯಾರೆ ಒತ್ತಿದರು. ಡಬ್. ಡಬ್. ಡಬ್. ಡಬ್. ಪ್ರತಿ ಸಲವೂ ಉಸ್ತಾದರ ಮುಖ ಒಂದಿಷ್ಟು ನಯವಾಯಿತು, ತೊಳೆದ ತಟ್ಟೆಯ ಹಾಗೆ.

ಸಂಜೆ ದಿಣ್ಣೆ ಇಳಿಯುವಾಗ ನಾನು ಅವರ ಹಿಂದೆ ಹೋದೆ.

“ಉಸ್ತಾದ್, ನಾನು ಸುಳ್ಳು ಹೇಳಿದ್ದೆ. ಬಲಗಡೆಗೆ ಹಾಕಲಿಲ್ಲ. ಎಲ್ಲಾ ಎಡಗಡೆಗೆ ಹಾಕಿದೆ. ನಿಮ್ಮ ಪುಸ್ತಕ ಎಲ್ಲಾ ಹೋಯ್ತು.”

“ಯಾವ ಪುಸ್ತಕ?”

“ಇನ್ನೂರ ನಲವತ್ತು.”

ಅವರು ನಿಂತು ನನ್ನ ತಲೆಯ ಮೇಲೆ ಕೈ ಇಟ್ಟರು. “ಪೋಕರಿ. ಅಷ್ಟೊಂದು ಪುಸ್ತಕ ನಾನೆಲ್ಲಿ ಓದಿದೀನಿ? ನಾನು ಓದಿದ್ದು ಒಂದೇ. ಅದು ಮನೇಲಿದೆ. ನಾಳೆ ಅದನ್ನೂ ತಂದುಕೊಡ್ತೀನಿ. ನಾನು ಹೋದ ಮೇಲೆ ಗೆದ್ದಲು ತಿನ್ನೋದು ಬೇಡ.”

“ತರಬೇಡಿ.”

“ತರ್ತೀನಿ.”

“ಉಸ್ತಾದ್, ಕೈ ಮುಗೀತೀನಿ, ತರಬೇಡಿ.”

“ಏನು ನಾಟಕ ಆಡ್ತೀಯೇ!” ಅಂತ ನಕ್ಕರು. ನನ್ನ ಕಣ್ಣಲ್ಲಿ ನೀರಿತ್ತು. ಅವರ ಕಣ್ಣಿಗೆ ಅದು ಕಾಣಲಿಲ್ಲ. ಕಂಡಿದ್ದರೂ ನಂಬುತ್ತಿದ್ದರೋ ಇಲ್ಲವೋ. ನಾನು ಅವರ ಮುಂದೆ ಎಷ್ಟು ಸಲ ಸುಳ್ಳೇ ಅತ್ತಿದ್ದೆ.

ಮರುದಿನ ಮಂಡಳಿಯವರು ಒಂಬತ್ತು ಜನ ಬಂದರು. ಒಂಬತ್ತೂ ಶಾಲುಗಳು ಒಂದೇ ಬಣ್ಣ. ಹಸಿರು ಬಾಗಿಲಿಗೆ ರಿಬ್ಬನ್ ಕಟ್ಟಿತ್ತು. ಇನ್ನೂರ ನಲವತ್ತು ಪುಸ್ತಕ ಕಪಾಟಿನಲ್ಲಿ ಬೆನ್ನು ತೋರಿಸಿ ನಿಂತಿದ್ದವು, ಮಾತಾಡದ ನೆಂಟರ ಹಾಗೆ. ಉಸ್ತಾದರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಕಂಕುಳಲ್ಲಿ ಒಂದು ಸಣ್ಣ ಪುಸ್ತಕ. ಅಂಗೈ ಅಗಲದ್ದು. ಮೂಲೆಗಳು ಸವೆದು ದುಂಡಗಾಗಿದ್ದವು.

“ಇದು ಅಕ್ಷರದ ಪುಸ್ತಕ,” ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. “ನನ್ನ ಅಮ್ಮ ಇದರಲ್ಲೇ ನನಗೆ ಕಲಿಸಿದ್ದು. ಒಂದೊಂದು ಅಕ್ಷರದ ಪಕ್ಕ ಅವಳು ಉಗುರಿನಲ್ಲಿ ಗೀರಿದ ಗುರುತಿದೆ. ಇಷ್ಟೇ ನನ್ನ ಹತ್ತಿರ ಇರೋದು. ಇದನ್ನೂ ಒಳಗೆ ಇಟ್ಟುಬಿಡಿ.”

ಮಂಡಳಿಯ ಹಿರಿಯರು ಚಪ್ಪಾಳೆ ತಟ್ಟಿದರು. “ನಮ್ಮ ಕಣ್ಣೆದುರೇ ಆಗಲಿ. ಇನ್ನೂರ ನಲವತ್ತೊಂದನೆಯದು.”

ಕಾರ್ಡು ಬರೆದೆ. ಯಾರದು: ಅಮ್ಮನದು. ಎಲ್ಲಿಯದು: ಮೀನುಪೇಟೆಯ ಹಿಂದಿನದು. ಏನಿದೆ: ಅಕ್ಷರ.

ಮೊಹರು ನನ್ನ ಕೈಯಲ್ಲಿತ್ತು. ಮೇಡಂ ನನ್ನ ಕಿವಿಯ ಹತ್ತಿರ ಬಾಗಿದರು. “ಬೆನ್ನು ಎಡಕ್ಕೆ,” ಅಂದರು. ಅವರ ದನಿಯಲ್ಲಿ ಗದರಿಕೆ ಇರಲಿಲ್ಲ, ಬೇಡಿಕೆ ಇತ್ತು. ಎಡಕ್ಕೆ ಒತ್ತಿದರೆ ಉಸ್ತಾದರಿಗೆ ಅಕ್ಷರ ಹೋಗುತ್ತದೆ, ಅಮ್ಮನ ಉಗುರು ಹೋಗುತ್ತದೆ, ಆಮೇಲೆ ಹೋಗುವುದಕ್ಕೆ ಏನೂ ಉಳಿಯುವುದಿಲ್ಲ. ಬಲಕ್ಕೆ ಒತ್ತಿದರೆ ಊರಿನ ಕಣ್ಣಲ್ಲಿ ನಾನು ಒಂದು ಪುಸ್ತಕ ಕೊಂದವಳು.

ಬೆನ್ನು ಬಲಕ್ಕೆ ತಿರುಗಿಸಿದೆ. ಮುಚ್ಚಳ ತೆರೆದೆ. ಒತ್ತಿದೆ.

“ಬಲಗಡೆಗೇ ಹಾಕಿದೆ ಉಸ್ತಾದ್.”

“ಶಾಬಾಸ್,” ಅಂದರು ಉಸ್ತಾದರು.

ಒಂಬತ್ತೂ ಜನ ಒಟ್ಟಿಗೆ ಉಸಿರೆಳೆದರು. “ಕೊನೇ ಪುಟ! ಕೊನೇ ಪುಟಕ್ಕೆ ಹಾಕಿಬಿಟ್ಟಳು!” ಯಾರೋ ನನ್ನ ಕೈಯಿಂದ ಮೊಹರು ಕಿತ್ತರು. “ತಲೆಹರಟೆ! ಸಭೆಯ ಮುಂದೆಯೂ ಕುಚೋದ್ಯ!” ಹಿರಿಯರು ಉಸ್ತಾದರ ಕಡೆ ಓಡಿ ಅವರ ಭುಜ ಹಿಡಿದು ಕೇಳಿದರು, “ಏನಾದರೂ ನೆನಪಿದೆಯಾ? ಆ ಪುಸ್ತಕದಲ್ಲಿ ಏನಿತ್ತು, ಹೇಳಿ, ಏನಾದರೂ ನೆನಪಿದೆಯಾ?”

ಉಸ್ತಾದರು ಕಣ್ಣು ಮುಚ್ಚಿದರು. ಅಲಿಫ್ ಅಂದರು. ಬಾ ಅಂದರು. ತಾ ಅಂದರು. ಒಂದೊಂದು ಅಕ್ಷರಕ್ಕೂ ಹೆಬ್ಬೆರಳ ಉಗುರನ್ನು ಗಾಳಿಯಲ್ಲಿ ಎಳೆದರು, ಅಮ್ಮ ಎಳೆದ ಹಾಗೆ. ಕೊನೆಯವರೆಗೂ ಹೋದರು. ಒಂದೂ ತಪ್ಪಲಿಲ್ಲ. ದನಿ ಮಾತ್ರ ಐದು ವರ್ಷದ ಮಗುವಿನದಾಗಿತ್ತು.

ಮಂಡಳಿಯವರು ಮುಖ ಮುಖ ನೋಡಿಕೊಂಡರು. ಈಗ ಅವರಿಗೆ ತಿಳಿಯುತ್ತದೆ ಅಂದುಕೊಂಡೆ. ಕಪಾಟಿನಿಂದ ಒಂದೇ ಒಂದು ಪುಸ್ತಕ ತೆಗೆದು ಇವರನ್ನು ಕೇಳಿದರೂ ಸಾಕು ಅಂದುಕೊಂಡೆ. ಮೇಡಂ ಮತ್ತೆ ಕನ್ನಡಕ ಒರೆಸಿಕೊಳ್ಳತೊಡಗಿದರು.

ಹಿರಿಯರು ಗಂಟಲು ಸರಿಮಾಡಿಕೊಂಡರು. “ಕೊನೆಯ ಪುಟಕ್ಕೆ ಮೊಹರು ಬಿದ್ದ ಮೇಲೂ ನೆನಪಿದೆ ಅಂದರೆ,” ಅಂದರು, “ಇದು ಪುಸ್ತಕವೇ ಅಲ್ಲ.”

ಎಲ್ಲರಿಗೂ ಸಮಾಧಾನವಾಯಿತು. ಸಣ್ಣ ಪುಸ್ತಕವನ್ನು ಹಿಂದಿನ ಕಿಟಕಿಯಿಂದ ಹೊರಗೆ ಹಾಕಿದರು. ನನ್ನ ಕಾರ್ಡು ಹರಿದರು. ರಿಬ್ಬನ್ ಕತ್ತರಿಸಿದರು. ಪಾನಕ ಕುಡಿದರು.

ನನ್ನನ್ನು ಮೇಜಿನಿಂದ ಎಬ್ಬಿಸಿ ಕೈಗೆ ಬಟ್ಟೆ ಕೊಟ್ಟರು. ಅವತ್ತಿನಿಂದ ನನ್ನದು ಧೂಳು ಹೊಡೆಯುವ ಕೆಲಸ. ಅರಬ್ಬಿ ಕೋಣೆಯದು ಮಾತ್ರ. ಅಲ್ಲಿಗೆ ಬೇರೆ ಯಾರೂ ಬರುವುದಿಲ್ಲ. ಇನ್ನೂರ ನಲವತ್ತು ಪುಸ್ತಕ, ಇನ್ನೂರ ನಲವತ್ತು ಕಾರ್ಡು, ಎಲ್ಲಾ ಒಪ್ಪವಾಗಿದೆ. ಬೇರೆ ಊರಿನವರು ಬಂದು ನೋಡಿ, ಕೋಣೆ ಎಷ್ಟು ಚೆನ್ನಾಗಿದೆ ಅಂತ ಹೊರಗಿನಿಂದಲೇ ಹೇಳಿ ಹೋಗುತ್ತಾರೆ. ಮೇಡಂ ಒಮ್ಮೊಮ್ಮೆ ಬಾಗಿಲವರೆಗೆ ಬಂದು ನಿಲ್ಲುತ್ತಾರೆ. ಒಳಗೆ ಬರುವುದಿಲ್ಲ.

ಹಿಂದಿನ ಕಿಟಕಿಯ ಕೆಳಗೆ ಮೆಟ್ಟಿಲಿದೆ. ಉಸ್ತಾದರು ತಮ್ಮ ಪುಸ್ತಕವನ್ನು ಅಲ್ಲಿಂದ ಹೆಕ್ಕಿಕೊಂಡವರು ಅವತ್ತು ಅಲ್ಲೇ ಕೂತುಬಿಟ್ಟರು. ದಿನಾ ಬರುತ್ತಾರೆ. ದಾರಿಯಲ್ಲಿ ಹೋಗುವ ಮಕ್ಕಳನ್ನು ಕರೆದು ಅಕ್ಷರ ಹೇಳಿಕೊಡುತ್ತಾರೆ. ದಿನಾ ಮಧ್ಯಾಹ್ನ ಇದ್ದಕ್ಕಿದ್ದ ಹಾಗೆ ಎದೆ ಹಿಡಿದುಕೊಳ್ಳುತ್ತಾರೆ. ಮನೆಯವಳು ಆಗಷ್ಟೇ ಹೋದ ಹಾಗೆ.

ಆಗ ನಾನು ಬಟ್ಟೆ ಬಿಸಾಕಿ ಇಳಿದು ಹೋಗುತ್ತೇನೆ. “ಉಸ್ತಾದ್, ಒಂದು ಕತೆ ಕಟ್ಟಿದೀನಿ, ಕೇಳಿ,” ಅನ್ನುತ್ತೇನೆ. ಮೊದಲನೇ ದಿನ ಏನೂ ಮಾಡಬೇಡ ಅಂತ ಶುರು ಮಾಡುತ್ತೇನೆ. ಬಾಚಣಿಗೆ ಹೇಳುತ್ತೇನೆ. ಗೋಡೆ ಹೇಳುತ್ತೇನೆ. ನಾಲ್ಕನೆಯದಕ್ಕೆ ಬಂದಾಗ ಅವರು ಮೆಟ್ಟಿಲನ್ನೇ ಹೊಸ್ತಿಲು ಮಾಡಿಕೊಂಡು ಒಂದು ಹೆಸರನ್ನು ಗಟ್ಟಿಯಾಗಿ ಕರೆಯುತ್ತಾರೆ. ಮನೆಯಿಂದ ತಂದ ಸ್ಟೀಲ್ ಲೋಟದಲ್ಲಿ ನೀರು ಕುಡಿಯುತ್ತಾರೆ. ಅದು ಯಾರ ಲೋಟ ಅಂತ ನಾನು ಕೇಳುವುದಿಲ್ಲ. ನಲವತ್ತು ಮುಗಿಯುವ ಹೊತ್ತಿಗೆ ಉಸಿರು ಸರಿಹೋಗಿರುತ್ತದೆ. ನಾಳೆ ಮತ್ತೆ ಸೋರಿಹೋಗುತ್ತದೆ. ನಾಳೆ ಮತ್ತೆ ಹೇಳಬೇಕು. ಹೊತ್ತು ಮಿಕ್ಕಿದರೆ ಗಾಳಿ, ಇರುವೆ, ಚಪ್ಪಲಿ. ಸರದಿಯ ಮೇಲೆ ಎಲ್ಲವನ್ನೂ ಒಂದು ಸಲ ಬಾಯಿಗೆ ತಂದುಕೊಳ್ಳುತ್ತೇನೆ, ತುಕ್ಕು ಹಿಡಿಯದ ಹಾಗೆ. ಇವೆಲ್ಲ ಒಳಗಿರುವ ಪುಸ್ತಕಗಳಲ್ಲಿ ಇವೆ ಅಂತ ಜವಾನನಿಗೆ ಹೇಳಿ ನೋಡಿದೆ. “ಹೂಂ, ಹಾವೂ ಇದೆಯಾ?” ಅಂದ. ಬರೆದಿಟ್ಟರೆ ಅದಕ್ಕೂ ಒಂದು ಕಾರ್ಡು ಮಾಡುತ್ತಾರೆ. ಯಾರದು: ಪೋಕರಿಯದು. ಏನಿದೆ: ಸುಳ್ಳು.

“ಇಷ್ಟೆಲ್ಲ ತಲೆಯಲ್ಲಿ ಇಟ್ಟುಕೊಂಡು ಯಾಕೇ ಓದದೆ ಉಳಿದೆ?” 

ಇದನ್ನೂ ಉಸ್ತಾದರು ದಿನಾ ಕೇಳುತ್ತಾರೆ. ಸಣ್ಣ ಪುಸ್ತಕ ತೆರೆದು ನನ್ನ ಮುಂದೆ ಹಿಡಿಯುತ್ತಾರೆ. “ಬಾ. ಇಪ್ಪತ್ತೆಂಟೇ ಅಕ್ಷರ. ಒಂದು ತಿಂಗಳ ಕೆಲಸ. ಬೇಕಾದ್ದು ಓದಬಹುದು.”

ಅಕ್ಷರ ಬಂದ ಕಣ್ಣು ಸುಮ್ಮನಿರುವುದಿಲ್ಲ. ದಿನಾ ಧೂಳು ಹೊಡೆಯುವ ಇನ್ನೂರ ನಲವತ್ತು ಬೆನ್ನುಗಳನ್ನು ಅದು ಓದಿಯೇ ಓದುತ್ತದೆ. ಬೆನ್ನು ಓದಿದ ಮೇಲೆ ಮುಚ್ಚಳ ತೆರೆಯುತ್ತದೆ. ತೀರಿಕೊಂಡ ಪುಸ್ತಕವನ್ನು ಓದಿದವರು ಮರೆಯುತ್ತಾರೆ. ನಾನು ಕೇಳಿ ಉಳಿಸಿಕೊಂಡದ್ದೂ ಆಗ ಸೋರಿಹೋಗುತ್ತದೆ.

“ನನಗೆ ಓದು ಹತ್ತಲ್ಲ ಉಸ್ತಾದ್,” ಅನ್ನುತ್ತೇನೆ. “ಎಂಟನೇ ಕ್ಲಾಸು, ಎರಡು ಸಲ.”

“ನೋಡಾದರೂ ನೋಡೇ. ಮೊದಲನೇದು ಎಷ್ಟು ಸುಲಭ.”

ಮೊದಲನೇದು ಒಂದು ನೆಟ್ಟಗಿನ ಗೆರೆಯಂತೆ. ಅದರ ಪಕ್ಕ ಅವರ ಅಮ್ಮನ ಉಗುರಿನ ಗೀರು. ಅಷ್ಟು ಸುಲಭದ್ದು ನೋಡಿದರೆ ಬಂದೇಬಿಡುತ್ತದೆ. ಪುಸ್ತಕ ನನ್ನ ಮೂಗಿನ ಹತ್ತಿರ ಬರುತ್ತದೆ, ಲವಂಗದ ವಾಸನೆ ಬರುತ್ತದೆ. ನಾನು ಗಟ್ಟಿಯಾಗಿ ಕಣ್ಣು ಮುಚ್ಚಿಕೊಳ್ಳುತ್ತೇನೆ.

“ನೋಡಿದೆಯಾ?” ಅಂತ ಉಸ್ತಾದರು ಕೇಳುತ್ತಾರೆ.

“ನೋಡಿದೆ ಉಸ್ತಾದ್,” ಅನ್ನುತ್ತೇನೆ.

“ಶಾಬಾಸ್,” ಅನ್ನುತ್ತಾರೆ.